ಅರವತ್ತಮೂರು ಸಲ ಸತ್ತ ಅಜ್ಜನಿಗೆ

ಕಲ್ಲೊಡಲು,
ಮೂರನೆಯ ಎಣಿಕೆಯ ಇನ್ನೂರ ಹನ್ನೊಂದನೆಯ ವರ್ಷ,
ಹದಿನಾಲ್ಕನೆಯ ತಿಂಗಳ ಮೂವತ್ತೇಳನೆಯ ದಿನ.

ಹುಬ್ಬಳ್ಳಿಯ ಗುರುಶಾಂತ ಹೊಂಬಳ ಅವರಿಗೆ, ನಿಮ್ಮ ಒಂಬತ್ತನೆಯ ತಲೆಮಾರಿನ ಕಸ್ತೂರಿ ಮಾಡುವ ಶರಣು.

ಮೇಲಿನ ತಾರೀಖು ನೋಡಿ ಯಾರೋ ಗೆಳೆಯರು ಚೇಷ್ಟೆ ಮಾಡಿದ್ದಾರೆಂದು ಈ ಕಾಗದವನ್ನು ಒಗೆದುಬಿಡಬೇಡಿ. ನಿಮಗಿನ್ನೂ ಮದುವೆಯೇ ಆಗಿಲ್ಲ, ಒಂಬತ್ತನೆಯ ತಲೆಮಾರು ಎಂದರೆ ಕಸಿವಿಸಿಯಾದೀತು. ನಿಮಗೆ ಈಗ ಇಪ್ಪತ್ತಾರು, ನನಗೆ ನಲವತ್ತೆಂಟು. ಆದರೂ ಅಜ್ಜಾ ಎಂದೇ ಕರೆಯುತ್ತೇನೆ, ಬೇರೆ ಹೇಗೆ ಕರೆಯಹೋದರೂ ನಾಲಿಗೆ ತಡೆಯುತ್ತದೆ. ನನ್ನ ಮಾತು ನಿಮಗೆ ವಿಚಿತ್ರವಾಗಿ ಕಂಡರೆ ಕ್ಷಮಿಸಿ. ನಾವು ಆಡುವ ಕನ್ನಡವೆಲ್ಲ ನಿಮ್ಮ ದನಿಯ ದಾಖಲೆಗಳನ್ನು ಕೇಳಿ ಕಲಿತದ್ದು. ಬರೆಯುವ ಕನ್ನಡವನ್ನು ಮಾತ್ರ ಶಾಲೆಯಲ್ಲಿ ಉಳಿದಿರುವ ಹನ್ನೊಂದು ಪುಸ್ತಕಗಳಿಂದ ಕಲಿತೆವು, ಹಾಗಾಗಿ ಅದು ಕೊಂಚ ಬಿಗಿಯಾಗಿರುತ್ತದೆ.

ಇದಕ್ಕೆ ನಾವು ಹಿಂದೋಲೆ ಎನ್ನುತ್ತೇವೆ, ಅಂದರೆ ಹಿಂದಕ್ಕೆ ಹೋಗುವ ಓಲೆ. ಒಬ್ಬರಿಗೆ ಇಡೀ ಜೀವಮಾನದಲ್ಲಿ ಒಂದೇ ಹಿಂದೋಲೆ ಬರೆಯುವ ಹಕ್ಕು. ತಲುಪುತ್ತದೋ ಇಲ್ಲವೋ ಯಾರಿಗೂ ಗೊತ್ತಿಲ್ಲ, ಉತ್ತರ ಬರುವ ದಾರಿಯಂತೂ ಇಲ್ಲವೇ ಇಲ್ಲ. ಬುದ್ಧಿವಂತರು ಇದನ್ನು ದೊಡ್ಡ ಕೆಲಸಗಳಿಗೆ ಬಳಸುತ್ತಾರೆ. ಇಂಥ ಬೀಜ ಉಳಿಸಿಡಿ, ಇಂಥ ಕಾಯಿಲೆಯನ್ನು ಹಗುರವಾಗಿ ಎಣಿಸಬೇಡಿ ಎಂದೆಲ್ಲ ಬರೆಯುತ್ತಾರೆ. ನಾನು ಒಬ್ಬ ಹುಡುಗ ಒಂದು ಆಟ ಕೊಳ್ಳುವುದೋ ಬೇಡವೋ ಎಂದು ಯೋಚಿಸುತ್ತಿರುವ ಮಧ್ಯಾಹ್ನಕ್ಕೆ ಬರೆಯುತ್ತಿದ್ದೇನೆ. ಓಲೆಮನೆಯ ಗುಮಾಸ್ತ ಎರಡು ಸಲ ಕೇಳಿದ, ಇದಕ್ಕೇ ಏನು ಎಂದು. ಇದಕ್ಕೇ ಎಂದೆ.

ನಮ್ಮ ಊರಿನ ಬಗ್ಗೆ ಸ್ವಲ್ಪ ಹೇಳಬೇಕು. ಕಲ್ಲೊಡಲು ಎಂದರೆ ಭೂಮಿಯಿಂದ ಬಹಳ ದೂರ ತೇಲುತ್ತಿರುವ ಒಂದು ಬಂಡೆ. ಅದನ್ನು ಒಳಗಿನಿಂದ ಕೊರೆದು ನಾಲ್ಕು ಸಾವಿರ ಜನ ಬದುಕುತ್ತೇವೆ. ಕಿಟಕಿಗಳಿಲ್ಲ. ಬೆಳಕು ಕೊಳವೆಗಳಲ್ಲಿ ಬರುತ್ತದೆ, ಬೆಳಿಗ್ಗೆ ಹಳದಿ, ಸಂಜೆ ಕೆಂಪು, ನಡುವೆ ಒಮ್ಮೊಮ್ಮೆ ಕೆಟ್ಟು ಮಿಣುಕುತ್ತದೆ. ಜೋಳವನ್ನು ತಟ್ಟೆಗಳಲ್ಲಿ ಬೆಳೆಯುತ್ತೇವೆ. ರೊಟ್ಟಿ ಅಂಗೈಯಗಲ ಬರುತ್ತದೆ, ಬಡಿಯುವ ಸದ್ದು ಮಾತ್ರ ಊರಿಗೆಲ್ಲ ಕೇಳಿಸುತ್ತದೆ. ನೀರನ್ನು ಏಳು ಸಲ ಸೋಸಿ ಮತ್ತೆ ಅದೇ ನೀರನ್ನು ಕುಡಿಯುತ್ತೇವೆ, ಅದರ ಬಗ್ಗೆ ಹೆಚ್ಚು ಯೋಚಿಸುವುದಿಲ್ಲ. ಬಂಡೆಯ ಭಾರ ಹೆಚ್ಚಾಗಬಾರದೆಂದು ಹಿರಿಯರು ಒಂದು ಕಟ್ಟಳೆ ಮಾಡಿದ್ದಾರೆ. ಹೊರಗಿನಿಂದ ಒಂದು ವಸ್ತು ಮನೆಗೆ ಬಂದರೆ ಅಷ್ಟೇ ತೂಕದ ಒಂದು ವಸ್ತು ಮನೆಯಿಂದ ಹೊರಗೆ ಹೋಗಬೇಕು. ಇದನ್ನು ತೂಕದೆದುರು ಎನ್ನುತ್ತೇವೆ. ನಮ್ಮಲ್ಲಿ ಕೊಳ್ಳುವುದು ಎಂದರೆ ಇದೇ. ಹಾಗಾಗಿ ಕೊಳ್ಳುವ ಮುನ್ನ ಎಲ್ಲರೂ ಬಹಳ ಯೋಚಿಸುತ್ತಾರೆ.

ಇಂಥ ಊರಿನಲ್ಲಿ ನಮ್ಮ ಮನೆತನಕ್ಕೆ ದೊಡ್ಡ ಹೆಸರು, ಅದು ನಿಮ್ಮಿಂದಾಗಿ. ನೀವು ಮುಂದೆ ಮಾಡಲಿರುವ ನಾಲ್ಕು ನೂರು ದಾಖಲೆಗಳು ನಮ್ಮ ಮನೆಯಲ್ಲಿವೆ. ಅವುಗಳಲ್ಲಿ ನಿಮ್ಮ ಮುಖ ಕಾಣುವುದಿಲ್ಲ, ದನಿ ಮಾತ್ರ ಇದೆ. ಕಣ್ಣೆದುರಿಗೆ ಒಂದಾದ ಮೇಲೊಂದು ಗ್ರಹಗಳು ಬರುತ್ತವೆ. ನೀಲಿ ಹುಲ್ಲು, ಎರಡು ಉಂಗುರದ ಆಕಾಶ, ಆರು ಕಾಲಿನ ಪ್ರಾಣಿ. ಆ ಪ್ರಾಣಿಗೆ ನೀವು ಎಮ್ಮಿ ಎಂದು ಹೆಸರಿಟ್ಟಿರಿ, ಆ ಗ್ರಹಕ್ಕೆ ಉಣಕಲ್ಲು ಎಂದು. ನಾವೆಲ್ಲ ತಿಳಿದದ್ದು ನೀವು ನಿಜವಾಗಿ ಅಲ್ಲಿಗೆ ಹೋಗಿದ್ದಿರಿ ಎಂದು. ನಗಬೇಡಿ. ಬಂಡೆಯೊಳಗೆ ಹುಟ್ಟಿ ಬಂಡೆಯೊಳಗೆ ಸಾಯುವವರಿಗೆ ಹೊರಗೆ ಏನಿದೆ, ಏನಿಲ್ಲ ಎಂದು ಹೇಗೆ ಗೊತ್ತಾಗಬೇಕು? ನೀವು ಆಗಾಗ ‘ಸತ್ನೆಪಾ! ಇರ್ರಿ, ಮತ್ತ ಮೊದ್ಲಿಂದ ಶುರು ಮಾಡ್ತೇನಿ’ ಎನ್ನುತ್ತೀರಿ. ನಿಮ್ಮ ಕಾಲದಲ್ಲಿ ಸತ್ತು ಎದ್ದು ಬರುವ ವಿದ್ಯೆ ಇತ್ತು, ಆಮೇಲೆ ಕೈತಪ್ಪಿ ಹೋಯಿತು ಎಂದು ನಮ್ಮ ಹಿರಿಯರು ತೀರ್ಮಾನಿಸಿದರು. ವರ್ಷಕ್ಕೊಮ್ಮೆ ಊರೆಲ್ಲ ಸೇರಿದಾಗ ನನ್ನ ಅಪ್ಪ ಮಹಾಂತೇಶ ನಿಮ್ಮ ದಾಖಲೆಗಳನ್ನು ಬಾಯಿಪಾಠ ಒಪ್ಪಿಸುತ್ತಾರೆ. ಅಪ್ಪನಿಗೆ ಎಂಬತ್ತೊಂದು. ‘ಅರವತ್ತಮೂರ ಸಲ ಸತ್ತಾನ, ಒಮ್ಮಿನೂ ಅಂಜಿಲ್ಲ’ ಎನ್ನುವಾಗ ಊರಿನ ಜನ ಎದ್ದು ನಿಲ್ಲುತ್ತಾರೆ. ನಾನೂ ನಿಂತಿದ್ದೇನೆ, ನಲವತ್ತು ವರ್ಷ.

ನನಗೆ ಒಬ್ಬಳೇ ಮಗಳು, ಅಶ್ವಿತಾ. ಹೆಸರು ನಿಮ್ಮಿಂದಲೇ ಬಂದದ್ದು. ಒಂದು ದಾಖಲೆಯಲ್ಲಿ ‘ಅಶ್ವಿತಾ ಅನ್ನೋರು ಗದಗದಿಂದ ನೋಡಾಕತ್ತಾರ್ರೀ’ ಎಂದಿದ್ದೀರಲ್ಲ, ಆಕೆ ಭೂಮಿಯಲ್ಲಿ ಕೂತು ನಿಮ್ಮ ಪ್ರಯಾಣದ ಉಸ್ತುವಾರಿ ನೋಡುತ್ತಿದ್ದ ದೊಡ್ಡ ಅಧಿಕಾರಿ ಎಂದು ತಿಳಿದಿದ್ದೆವು. ಇವಳ ಅಪ್ಪ ಹೊರಗೋಡೆಯ ಕೆಲಸದಲ್ಲಿ ತೀರಿಕೊಂಡಾಗ ಇವಳಿಗೆ ಆರು ವರ್ಷ. ಈಗ ಹತ್ತೊಂಬತ್ತು. ಹೋದ ತಿಂಗಳು ಹೊರನಡೆಗೆ ಹೆಸರು ಕೊಟ್ಟು ಬಂದಳು. ಹೊರನಡೆ ಎಂದರೆ ಒಬ್ಬರೇ ಕೂರುವ ಒಂದು ಸಣ್ಣ ನೌಕೆಯಲ್ಲಿ ಬೇರೆ ನೆಲ ಹುಡುಕಿಕೊಂಡು ಹೋಗುವುದು. ಹೋಗಿಬರಲು ಸಾಕಾಗುವಷ್ಟು ಇಂಧನ ತುಂಬಿ ಕಳಿಸುತ್ತಾರೆ. ಇದುವರೆಗೆ ಹದಿನೇಳು ಮಂದಿ ಹೋಗಿದ್ದಾರೆ, ಒಬ್ಬರೂ ತಿರುಗಿ ಬಂದಿಲ್ಲ. ಆಯ್ಕೆಯ ಪಂಚರು ಅವಳ ಮನೆತನದ ಹೆಸರು ಕೇಳಿದೊಡನೆ ಬೇರೆ ಪ್ರಶ್ನೆಯನ್ನೇ ಕೇಳಲಿಲ್ಲವಂತೆ. ಅಪ್ಪ ಸಂತೋಷದಿಂದ ಕೇರಿಗೆಲ್ಲ ಬೆಲ್ಲ ಹಂಚಿದರು. ನಾನು ನಗುತ್ತ ಬೆಲ್ಲದ ತಟ್ಟೆ ಹಿಡಿದು ಅವರ ಹಿಂದೆ ನಡೆದೆ. ಆ ನಗೆ ನೆನೆದರೆ ಈಗ ನನಗೇ ಹೇಸಿಗೆಯಾಗುತ್ತದೆ.

ಅದಾದ ಹತ್ತನೆಯ ದಿನ ವರ್ಷಕ್ಕೊಮ್ಮೆ ಬರುವ ಸರಕಿನ ನೌಕೆ ಬಂತು. ಸೂಜಿ, ಔಷಧಿ, ಕೊಳವೆಗೆ ಹಾಕುವ ಗಾಜು ಇವೆಲ್ಲದರ ನಡುವೆ ಒಂದು ಪರದೆ ಹಚ್ಚಿಟ್ಟು ಹೊಸ ಆಟವೊಂದನ್ನು ತೋರಿಸುತ್ತಿದ್ದರು. ಬಾಹ್ಯಾಕಾಶದಲ್ಲಿ ಸುತ್ತಾಡುವ ಆಟ. ನಾನು ಸೂಜಿ ಆರಿಸುತ್ತ ಸುಮ್ಮನೆ ತಲೆಯೆತ್ತಿದೆ. ನೀಲಿ ಹುಲ್ಲು, ಎರಡು ಉಂಗುರದ ಆಕಾಶ, ಆರು ಕಾಲಿನ ಪ್ರಾಣಿ. ಮಾರುವವಳು ನನ್ನ ಮುಖ ನೋಡಿ, ಇದು ಬಹಳ ಹಳೆಯ ಆಟ, ಇನ್ನೂರು ಮುನ್ನೂರು ವರ್ಷದ ಹಿಂದಿನದು, ಈಗ ತೊಳೆದು ಬಳಿದು ಹೊಸದಾಗಿ ತಂದಿದ್ದಾರೆ ಎಂದು ವಿವರಿಸಿದಳು. ಯಾರು ಬೇಕಾದರೂ ಯಾವ ಗ್ರಹಕ್ಕೆ ಬೇಕಾದರೂ ಹೆಸರಿಡಬಹುದಂತೆ. ಸತ್ತರೆ ಏನಾಗುತ್ತದೆ ಎಂದು ಕೇಳಿದೆ. ಏನೂ ಆಗುವುದಿಲ್ಲ, ಮತ್ತೆ ಮೊದಲಿನಿಂದ ಶುರು ಮಾಡಬಹುದು ಎಂದಳು. ಗಾಜಿನ ಪೆಟ್ಟಿಗೆಯ ಮೇಲೆ ಕೂತುಬಿಟ್ಟೆ, ಅವಳು ಬೈದಳು.

ನೌಕೆ ಮೂರು ದಿನ ನಿಲ್ಲುತ್ತದೆ. ಆ ಮೂರು ದಿನ ನಾನು ಪಟ್ಟ ಪಾಡು ನಿಮಗೆ ಹೇಗೆ ಹೇಳಲಿ? ಆ ಆಟವನ್ನು ಕೊಂಡು ಮಗಳ ಮುಂದೆ ಇಟ್ಟರೆ ಅವಳಿಗೆ ಸತ್ಯ ತಿಳಿಯುತ್ತದೆ, ಹೋಗುವುದನ್ನು ಬಿಡುತ್ತಾಳೆ. ಆದರೆ ಆಟ ಮನೆಯೊಳಗೆ ಬಂದರೆ ಅಪ್ಪನ ಕಣ್ಣಿಗೂ ಬೀಳುತ್ತದೆ, ಇಂದಲ್ಲ ನಾಳೆ ಊರಿಗೂ ಗೊತ್ತಾಗುತ್ತದೆ. ಎಂಬತ್ತೊಂದು ವರ್ಷದ ಮನುಷ್ಯ ಇಷ್ಟು ಕಾಲ ಊರನ್ನು ಎದ್ದು ನಿಲ್ಲಿಸಿದ್ದು ಒಬ್ಬ ಹುಡುಗ ಮನೆಯಲ್ಲಿ ಕೂತು ಆಡಿದ ಆಟಕ್ಕೆ ಎಂದಾದರೆ ಆ ಜೀವ ತಡೆದೀತೇ? ಮೊದಲ ದಿನ ಅಂಗಡಿಯ ತನಕ ಹೋಗಿ ಸೂಜಿ ತೆಗೆದುಕೊಂಡು ಬಂದೆ. ಎರಡನೆಯ ದಿನವೂ ಹೋಗಿ ಸೂಜಿಯನ್ನೇ ತಂದೆ. ಮನೆಯಲ್ಲಿ ಈಗ ಸೂಜಿಗೆ ಬರವಿಲ್ಲ. ಮೂರನೆಯ ದಿನ ಬೆಳಿಗ್ಗೆ ಅಶ್ವಿತಾ ಅಳತೆ ಕೊಟ್ಟಿದ್ದ ಹೊರನಡೆಯ ಉಡುಪು ಬಂತು. ಅದನ್ನು ತೊಟ್ಟು ನನ್ನ ಅಪ್ಪನ ಮುಂದೆ ತಿರುಗಿ ತೋರಿಸಿದಳು. ತೋಳು ಸ್ವಲ್ಪ ಉದ್ದವಾಗಿತ್ತು, ಮಡಚಿ ಹೊಲಿಯಲು ನನಗೇ ಹೇಳಿದಳು. ಹೊಲಿಯಲು ಕೂತವಳು ಸೂಜಿ ಅಲ್ಲೇ ಬಿಟ್ಟು ಎದ್ದು ಹೋದೆ. ಆಟದ ಡಬ್ಬಿಯ ತೂಕಕ್ಕೆ ಗಂಡನ ಕನ್ನಡಕ ಇಟ್ಟೆ, ಸಾಲಲಿಲ್ಲ, ಒಂದು ಚಮಚ ಸೇರಿಸಿದೆ. ತಕ್ಕಡಿ ಸರಿಯಾಯಿತು.

ಅಪ್ಪ ಹಿರಿಯರ ಕಟ್ಟೆಗೆ ಹೋಗಿದ್ದ ಹೊತ್ತು ನೋಡಿ ಮಗಳ ಮುಂದೆ ಡಬ್ಬಿ ಇಟ್ಟೆ. ಅವಳು ಅದನ್ನು ತೆರೆಯಲೇ ಇಲ್ಲ. ‘ನನಗ ಗೊತ್ತಿತ್ತವ್ವಾ, ಎರಡ ವರ್ಷಾತು’ ಎಂದಳು. ಸರಕಿನ ನೌಕೆಯವರ ಹತ್ತಿರ ನಿಮ್ಮ ಹೆಸರು ಹೇಳಿ ಹುಡುಕಿಸಿದಳಂತೆ. ನಮ್ಮಲ್ಲಿ ಕಳೆದುಹೋಗಿದ್ದ ನಿಮ್ಮ ಮೊಟ್ಟಮೊದಲನೆಯ ದಾಖಲೆ ಅವರಲ್ಲಿ ಸಿಕ್ಕಿತಂತೆ. ಅದನ್ನು ನನಗೆ ತೋರಿಸಿದಳು. ಆಗ ಮೊದಲ ಸಲ ನಿಮ್ಮ ಮುಖ ನೋಡಿದೆ ಅಜ್ಜಾ. ಎಷ್ಟು ಸಣ್ಣವರು ನೀವು! ಹೆಗಲ ಮೇಲೆ ಟವೆಲು, ಹಿಂದೆ ಒಣಹಾಕಿದ ಬಟ್ಟೆ. ‘ಎಲ್ಲಾರ್ಗೂ ಶರಣ್ರೀ. ಹೊಸಾ ಗೇಮ್ ಒಂದ ಬಂದೈತಿ, ಬಾಹ್ಯಾಕಾಶದ್ದು. ತಗೊಳ್ಳೋದೋ ಬ್ಯಾಡೋ ಅಂತ ತಲಿ ಕೆಟ್ಟೈತಿ. ನಾಳೆ ಹೇಳ್ತೇನಿ’ ಎಂದಿರಿ. ಅಷ್ಟರಲ್ಲಿ ಒಳಗಿನಿಂದ ನಿಮ್ಮ ತಾಯಿ ಕೊತ್ತಂಬರಿ ತರಲು ಕೂಗಿದರು, ನೀವು ಎದ್ದು ಹೋದಿರಿ.

ಗೊತ್ತಿದ್ದೂ ಯಾಕೆ ಹೆಸರು ಕೊಟ್ಟೆ ಎಂದು ಮಗಳನ್ನು ಕೇಳಿದೆ. ಕೇಳಿದೆ ಎನ್ನುವುದು ಸುಳ್ಳು, ಕಿರುಚಿದೆ. ಅವಳು ಮೆಲ್ಲಗೆ, ‘ಅಂವ ಆಡಿದ್ದು ಆಟಾನ ಅವ್ವಾ. ನಾವು ಇಷ್ಟ ಮಂದಿ ಅದನ್ನ ಹೇಳ್ಕೋತ ಕುಂತೇವಿ. ಒಬ್ಬರರೆ ಖರೇನ ಹೋಗಬೇಕಲ್ಲ?’ ಎಂದಳು. ತನ್ನ ಅಜ್ಜನಿಗೆ ಮಾತ್ರ ಏನೂ ಹೇಳಬೇಡ ಎಂದು ನನ್ನಿಂದ ಆಣೆ ಹಾಕಿಸಿಕೊಂಡಳು. ಆಮೇಲೆ ತೋಳು ಹೊಲಿದಾಯಿತೇ ಎಂದು ಕೇಳಿದಳು. ನನ್ನ ಕೈಯಲ್ಲಿದ್ದದ್ದು ಆ ಸತ್ಯವೊಂದೇ, ಅದೂ ಕೆಲಸಕ್ಕೆ ಬರಲಿಲ್ಲ.

ಈ ಓಲೆಯ ಮೊದಲ ಪ್ರತಿಯಲ್ಲಿ ನಾನು ಬರೆದದ್ದು ಎರಡೇ ಸಾಲು. ಆ ಆಟವನ್ನು ಕೊಳ್ಳಬೇಡಿ, ಕೈಮುಗಿಯುತ್ತೇನೆ ಎಂದು. ನೀವು ಕೊಳ್ಳದಿದ್ದರೆ ದಾಖಲೆಗಳಿಲ್ಲ, ಮನೆತನಕ್ಕೆ ಹೆಸರಿಲ್ಲ, ನನ್ನ ಮಗಳ ತಲೆಯಲ್ಲಿ ಈ ಹುಚ್ಚಿಲ್ಲ. ಬರೆದು ಮುಗಿಸಿ ಓಲೆಮನೆಯ ಸಾಲಿನಲ್ಲಿ ನಿಂತೆ. ನಿಂತಲ್ಲೇ ಯೋಚನೆ ಬಂತು. ನೀವು ಕೊಳ್ಳದಿದ್ದರೂ ಅವಳು ಅವಳೇ. ಕಿಟಕಿಯಿಲ್ಲದ ಊರಿನಲ್ಲಿ ಆರನೆಯ ವಯಸ್ಸಿನಿಂದ ಗೋಡೆಗೆ ಕಿವಿಯಿಟ್ಟು ಮಲಗುತ್ತಿದ್ದ ಹುಡುಗಿ. ಅವಳು ಹೇಗೂ ಹೋಗುತ್ತಾಳೆ, ಆದರೆ ಆಗ ಅವಳ ಜೊತೆಗೆ ಯಾರ ದನಿಯೂ ಇರುವುದಿಲ್ಲ. ಈಗ ಅವಳು ನೌಕೆಯಲ್ಲಿ ಕೊಂಡೊಯ್ಯಲು ಆರಿಸಿದ್ದು ನಿಮ್ಮ ನಾಲ್ಕು ನೂರು ದಾಖಲೆಗಳನ್ನು. ಆಟವೆಂದು ಗೊತ್ತಿದ್ದೂ ಆರಿಸಿದ್ದಾಳೆ. ಹನ್ನೊಂದು ವರ್ಷದ ದಾರಿ ಅಜ್ಜಾ. ಅಷ್ಟು ವರ್ಷ ಅವಳ ಕಿವಿಗೆ ಬೀಳುವ ಮನುಷ್ಯರ ಮಾತು ನಿಮ್ಮದೊಂದೇ. ಸಾಲಿನಿಂದ ಹೊರಗೆ ಬಂದು ಆ ಪ್ರತಿಯನ್ನು ಹರಿದು ಹಾಕಿದೆ.

ಆದ್ದರಿಂದ ಕೊಳ್ಳಿರಿ. ತಲೆ ಕೆಡಿಸಿಕೊಳ್ಳಬೇಡಿ, ಕೊತ್ತಂಬರಿ ತಾಯಿಯ ಕೈಗೆ ಕೊಟ್ಟು ಬಂದು ನಿಶ್ಚಿಂತೆಯಿಂದ ಕೊಳ್ಳಿರಿ. ಮನಸ್ಸಿಗೆ ಬಂದಷ್ಟು ಸಲ ಸಾಯಿರಿ, ನಿಮಗೆ ಅದರಿಂದ ಏನೂ ಆಗುವುದಿಲ್ಲ. ನನ್ನ ಮಗಳಿಗೆ ಮಾತ್ರ ಅದು ಒಂದೇ ಸಲ. ಅದನ್ನು ನೆನೆದು ನನ್ನದೊಂದು ಕೆಲಸ ಮಾಡಿಕೊಡಿ.

ಈ ತಿಂಗಳೆಲ್ಲ ನಿಮ್ಮ ದಾಖಲೆಗಳನ್ನು ಮೊದಲಿನಿಂದ ಕೊನೆಯವರೆಗೆ ಮತ್ತೆ ಕೇಳಿದೆ. ಪ್ರತಿಯೊಂದರಲ್ಲೂ ಹೊರಡುತ್ತೀರಿ, ಹೊಸ ನೆಲಕ್ಕೆ ಇಳಿಯುತ್ತೀರಿ, ಅಲ್ಲಿಗೆ ಮುಗಿಸಿಬಿಡುತ್ತೀರಿ. ಒಂದರಲ್ಲೂ ನೀವು ನೌಕೆಯನ್ನು ತಿರುಗಿಸಿಕೊಂಡು ಹೊರಟ ಜಾಗಕ್ಕೆ ಬಂದಿಲ್ಲ. ಆ ಆಟದಲ್ಲಿ ಹಾಗೆ ಬರಲು ಆಗುತ್ತದೆಯೇ ಎಂದು ಮಾರುವವಳನ್ನು ಕೇಳಿದ್ದೆ. ಆಗುತ್ತದೆ, ಆದರೆ ಬೇಸರದ ಕೆಲಸ, ಯಾರೂ ಆಡುವುದಿಲ್ಲ ಎಂದಳು. ನೀವು ಒಂದು ಸಲ ಆಡಿರಿ. ನೋಡುವವರು ಬೇಸತ್ತು ಎದ್ದು ಹೋದರೂ ನಿಲ್ಲಿಸಬೇಡಿ. ಎಲ್ಲಿ ತಿರುಗಬೇಕು, ಎಷ್ಟು ಇಂಧನ ಉಳಿಸಿಕೊಳ್ಳಬೇಕು, ದಾರಿ ತಪ್ಪಿದರೆ ಏನು ಮಾಡಬೇಕು, ಎಲ್ಲವನ್ನೂ ಬಾಯಿಬಿಟ್ಟು ಹೇಳುತ್ತ ಮನೆಯ ತನಕ ಬನ್ನಿ. ನನ್ನ ಮಾತನ್ನು ಅವಳು ಯಾವತ್ತೂ ಕೇಳಿದವಳಲ್ಲ, ನಿಮ್ಮ ಮಾತು ಕೇಳುತ್ತಾಳೆ. ನಾಡಿದ್ದು ಬೆಳಿಗ್ಗೆ ಅವಳು ಹೊರಡುತ್ತಾಳೆ. ನಾಳೆ ಸಂಜೆಯೊಳಗೆ, ಅವಳು ಹುಡುಕಿಸಿದ ಆ ಮೊದಲನೆಯದನ್ನು ಬಿಟ್ಟು, ನಮ್ಮ ದಾಖಲೆಗಳನ್ನು ಮತ್ತೊಮ್ಮೆ ಎಣಿಸುತ್ತೇನೆ, ನಾಲ್ಕು ನೂರ ಒಂದು ಇದೆಯೇ ಎಂದು.

ನಿಮ್ಮ,
ಕಸ್ತೂರಿ