ನಾಲ್ಕನೆಯ ಮೂಲೆಯ ಫೂಲು

ಸುಬಾಂಗ್ ಜಯಾ, ಮಲೇಷ್ಯಾ
೧೪ ಜುಲೈ ೨೦೨೫, ಸೋಮವಾರ

ನನ್ನ ಮೊಂಡಿ ಅಮ್ಮೀ,

ನಿನ್ನ ಶಿಫಾಳ ಸಲಾಂ. ಫೋನು ಇರುವಾಗ ಕಾಗದ ಯಾಕೆ ಬರೆದಳು ಎಂದು ಹುಬ್ಬು ಗಂಟಿಕ್ಕಬೇಡ. ಬೇಡದ ಮಾತು ಬಂದ ಕೂಡಲೇ ‘ಕೇಳವಲ್ದು, ನೆಟ್‌ವರ್ಕ್ ಇಲ್ಲ ನೋಡವಾ’ ಎಂದು ಫೋನು ಇಟ್ಟುಬಿಡುವವಳು ನೀನು. ಕಾಗದದ ಹತ್ತಿರ ಆ ಆಟ ನಡೆಯುವುದಿಲ್ಲ. ಇದರ ಫೋಟೊ ತೆಗೆದು ತಮ್ಮ ಸಿರಾಜನಿಗೆ ಕಳಿಸುತ್ತಿದ್ದೇನೆ, ಅವನು ಹಳಿಯಾಳ ಪೇಟೆಯಲ್ಲಿ ದೊಡ್ಡ ಅಕ್ಷರದಲ್ಲಿ ಪ್ರಿಂಟ್ ತೆಗೆಸಿ ಕೊಡುತ್ತಾನೆ. ನಾಲ್ಕನೇ ಇಯತ್ತೆ ಓದಿದವಳು, ಬೆರಳಿಟ್ಟು ನಿಧಾನವಾಗಿ ಓದು. ಆದರೆ ಗುರುವಾರದೊಳಗೆ ಮುಗಿಸು. ಗುರುವಾರ ನಿನಗೆ ಬೇರೆ ಕೆಲಸವಿದೆ.

ಮೊದಲು ಕೌದಿಯ ಸುದ್ದಿ. ನಿನ್ನ ಅಳಿಯ ಅಬೀದ್ ಅದನ್ನು ಯಾವ ಸಾಮಾನಿನ ಜೊತೆಗೂ ಸೇರಿಸದೆ, ವಿಮಾನದಲ್ಲಿ ತೊಡೆಯ ಮೇಲೇ ಇಟ್ಟುಕೊಂಡು ತಂದರು. ಬಿಚ್ಚಿದ ಕೂಡಲೇ ಮನೆಯಲ್ಲಿ ನಿನ್ನ ಪೆಟ್ಟಿಗೆಯ ವಾಸನೆ ಬಂತು. ನನ್ನ ಶಾಲೆಯ ನೀಲಿ ಲಂಗ, ಅಪ್ಪನ ಪಟ್ಟಿ ಲುಂಗಿ, ನಿನ್ನ ಹಳದಿ ಸೀರೆ, ಎಲ್ಲದರ ತುಂಡು ಗುರುತು ಸಿಕ್ಕಿತು. ಅಪ್ಪನ ಲುಂಗಿಯ ಮೇಲೆ ಮುಖ ಇಟ್ಟು ಸ್ವಲ್ಪ ಅತ್ತೆ. ಆಮೇಲೆ ಮೂಲೆ ನೋಡಿದೆ. ಮೂರು ಮೂಲೆಗೆ ಫೂಲು ಇದೆ, ಬಟ್ಟೆಯನ್ನು ಮೂರು ಮಡಿಕೆ ಮಾಡಿ ನೀನು ಕೂರಿಸುವ ಆ ಚೂಪಾದ ಹೂವು. ನಾಲ್ಕನೆಯ ಮೂಲೆ ಬರಿದು.

ಫೋನಿನಲ್ಲಿ ಕೇಳಿದಾಗ ದಾರ ಮುಗಿಯಿತು ಎಂದೆ ನೀನು. ಅಮ್ಮೀ, ದಾರ ಮುಗಿದರೆ ಹಳೆಯ ಸೀರೆಯ ಅಂಚಿನಿಂದ ಎಳೆ ಬಿಡಿಸಿ ಹೊಲಿದವಳು ನೀನು. ಫೂಲು ಇಲ್ಲದ ಕೌದಿ ಬತ್ತಲೆ ಇದ್ದ ಹಾಗೆ ಎಂದು, ಓಣಿಯ ಹುಡುಗಿಯರು ಹೊಲಿದ ಕೌದಿಗಳನ್ನು ಮೂಲೆ ಹಿಡಿದೆತ್ತಿ ವಾಪಸ್ಸು ಎಸೆದವಳು ನೀನು. ನೀನು ಮಗಳಿಗೆ ಬತ್ತಲೆ ಕೌದಿ ಕಳಿಸುತ್ತೀಯಾ? ನಾನು ನಂಬಲಿಲ್ಲ.

ಇಲ್ಲಿ ನಿನಗೆ ಒಂದು ತಪ್ಪೊಪ್ಪಿಗೆ ಹೇಳಬೇಕು. ಎರಡು ವರ್ಷದಿಂದ ನಾಲಗೆಯ ತುದಿಯಲ್ಲಿ ಇಟ್ಟುಕೊಂಡಿದ್ದೇನೆ.

ಮಲೇಷ್ಯಾಕ್ಕೆ ಬಂದ ಮೊದಲ ದಿನದಿಂದಲೂ ಎಲ್ಲರೂ ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ, ಆಫ್ರಿಕಾದಲ್ಲಿ ಯಾವ ದೇಶ ಎಂದು. ಟ್ಯಾಕ್ಸಿಯವನು, ಮಾಮಾಕ್ ಅಂಗಡಿಯಲ್ಲಿ ಚಹಾ ಎತ್ತಿ ಸುರಿಯುವವನು, ಆಸ್ಪತ್ರೆಯ ಕಾವಲುಗಾರ, ಎಲ್ಲರೂ. ನನಗೆ ಮೈ ಉರಿಯುತ್ತಿತ್ತು. ಇಂಡಿಯಾ ಲಾ, ಕರ್ನಾಟಕ ಲಾ ಎಂದು ಇಲ್ಲಿಯವರ ಧಾಟಿಯಲ್ಲೇ ಹೇಳಿ, ಪಾಸ್‌ಪೋರ್ಟ್ ತೆಗೆದು ತೋರಿಸುವುದೊಂದು ಬಾಕಿ. ನಮ್ಮ ಸಿದ್ದಿಗಳ ಹಿರಿಯರು ಆಫ್ರಿಕಾದಿಂದ ಬಂದವರು ಎಂದು ಶಾಲೆಯಲ್ಲಿ ಮೇಷ್ಟ್ರು ಹೇಳಿದಾಗ ಇಡೀ ತರಗತಿ ನನ್ನ ಕೂದಲು ನೋಡಿ ನಕ್ಕಿತ್ತಲ್ಲ, ಆ ನಗು ಇಲ್ಲಿಗೂ ಬೆನ್ನು ಹತ್ತಿತು ಅನ್ನಿಸುತ್ತಿತ್ತು. ಹಾಗಾಗಿ ಇಲ್ಲಿಯ ಆಫ್ರಿಕಾದ ಹೆಂಗಸರಿಂದ ದೂರವೇ ಇದ್ದೆ. ಎದುರಿಗೆ ಬಂದರೆ ರಸ್ತೆ ದಾಟುತ್ತಿದ್ದೆ. ನಾಚಿಕೆಯಾಗುತ್ತದೆ, ಆದರೂ ಬರೆಯುತ್ತಿದ್ದೇನೆ.

ಎರಡು ವರ್ಷದ ಹಿಂದೆ ಒಂದು ಮಧ್ಯಾಹ್ನ ಆಸ್ಪತ್ರೆಯಲ್ಲಿ, ಬಂದ ರೋಗಿಗಳನ್ನು ನರ್ಸ್ ಮೊದಲು ನೋಡುವ ಮೇಜಿನ ಹತ್ತಿರ ನಾನು ಕೂತಿದ್ದೆ. ಉಗಾಂಡಾದ ಒಬ್ಬಳು ಬಂದಳು, ನಕಾಟೊ ಎಂದು ಹೆಸರು. ಹೆರಿಗೆಯಾಗಿ ಆರು ದಿನ, ತಲೆನೋವು, ಕಣ್ಣು ಮಂಜು ಎಂದಳು. ಹೇಳುತ್ತಾ ನನ್ನ ಮುಖ ನೋಡಿ ನಕ್ಕು, ಸಿಸ್ಟರ್, ನೀನು ಯಾವ ದೇಶದವಳು ಎಂದು ಕೇಳಿಬಿಟ್ಟಳು. ಅಷ್ಟೇ, ನನ್ನ ತಲೆ ಕೆಟ್ಟಿತು. ಬಿ.ಪಿ. ಕೂಡ ನೋಡದೆ ಸಾಧಾರಣ ತಲೆನೋವು ಎಂದು ಬರೆದು, ಪಕ್ಕದವಳಿಗೆ ನಾನೇ, ನಿನ್ನ ಮಗಳೇ, ‘ಇವರೆಲ್ಲ ಕುವಾಟ್ ಲಾ, ಕಾಯಲಿ’ ಎಂದೆ. ಕುವಾಟ್ ಅಂದರೆ ಇಲ್ಲಿಯ ಮಲಯ ಮಾತಿನಲ್ಲಿ ಗಟ್ಟಿ.

ನಲವತ್ತು ನಿಮಿಷ ಕಾದ ಮೇಲೆ ಅವಳು ಕುರ್ಚಿಯಿಂದ ಕೆಳಗೆ ಬಿದ್ದಳು. ಫಿಟ್ಸ್. ಬಿ.ಪಿ. ನೂರ ತೊಂಬತ್ತು ಇತ್ತು. ಹೆರಿಗೆಯ ಮೇಲೂ ಬಿ.ಪಿ. ಏರಿ ಜೀವ ಹೋಗಬಹುದು ಎಂದು ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆದು ಪಾಸಾದವಳು ನಾನು. ದೇವರು ದೊಡ್ಡವನು, ಅವಳು ಉಳಿದಳು. ಮೂರನೇ ದಿನ ವಾರ್ಡಿಗೆ ಹೋಗಿ, ಕುವಾಟ್ ಎಂದಿದ್ದನ್ನೂ ಮುಚ್ಚಿಡದೆ, ತಪ್ಪು ನನ್ನದು ಎಂದು ಅವಳ ಎದುರಿಗೂ, ಮೇಲಿನವರ ಎದುರಿಗೂ ಹೇಳಿದೆ. ಮೇಲಿನವರು ಬರವಣಿಗೆಯಲ್ಲಿ ಎಚ್ಚರಿಕೆ ಕೊಟ್ಟರು. ನಕಾಟೊ ಬೈಯಲಿಲ್ಲ. ಆ ಮಾತನ್ನು ನಿನಗೆ ಯಾರು ಕಲಿಸಿದರು ಎಂದಷ್ಟೇ ಕೇಳಿದಳು.

ಯಾರು ಕಲಿಸಿದರು ಹೇಳು ಅಮ್ಮೀ? ಸಿರಾಜ್ ಹುಟ್ಟಿದಾಗ ದವಾಖಾನೆಯಲ್ಲಿ ನಿನಗೆ ಮರಗಟ್ಟಿಸುವ ಮದ್ದು ಕೊಡದೆ ಹೊಲಿಗೆ ಹಾಕಿದರಲ್ಲ. ಕಾಡಿನ ಮಂದಿ, ಗಟ್ಟಿ ಜೀವ, ತಡಕೊಳ್ಳುತ್ತೀ ಎಂದರಲ್ಲ. ಆ ಕಥೆಯನ್ನು ನೀನು ಪ್ರತಿ ಮದುವೆ ಮನೆಯಲ್ಲೂ ತೊಡೆ ತಟ್ಟಿಕೊಂಡು ಹೇಳುತ್ತಿದ್ದೆ. ‘ಹನ್ನೊಂದು ಹೊಲಿಗಿ ಹಾಕಿದ್ರು, ಹುಂ ಅನ್ನಲಿಲ್ಲ ನಾ! ನಮ್ದು ಗಟ್ಟಿ ಜೀವ ಐತಿ!’ ಹೆಂಗಸರೆಲ್ಲ ಬಿದ್ದು ಬಿದ್ದು ನಗುತ್ತಿದ್ದರು, ನಾನೂ ನಗುತ್ತಿದ್ದೆ. ನಿನಗೆ ಆಗ ಎಷ್ಟು ನೋವಾಗಿತ್ತು ಎಂದು ನಮ್ಮಲ್ಲಿ ಒಬ್ಬರೂ ಕೇಳಲಿಲ್ಲ. ನಿನ್ನ ಮೇಲೆ ಅವರು ಹೊರಿಸಿದ ಮಾತನ್ನೇ ನೀನು ಬಿರುದು ಮಾಡಿಕೊಂಡೆ, ನಾನು ಅದನ್ನು ಸಮುದ್ರ ದಾಟಿಸಿ ತಂದು ಇನ್ನೊಬ್ಬಳ ಮೇಲೆ ಹೊರಿಸಿದೆ. ಇದನ್ನು ನಕಾಟೊಗೆ ಹೇಳಿದಾಗ ಅವಳು ಅತ್ತಳು, ನಿನಗಾಗಿ. ನೋಡದ ನಿನಗಾಗಿ.

ಆಮೇಲೆ ಅವಳೇ ನಮ್ಮ ಹೆಂಗಸರ ಗುಂಪು ಕಟ್ಟಿದ್ದು. ನಾನು ಕಟ್ಟಿದೆ ಎಂದು ಓಣಿಯಲ್ಲಿ ಹೇಳಿಕೊಂಡು ತಿರುಗಬೇಡ. ನಕಾಟೊ ಕೂದಲು ಹೆಣೆಯುವವಳು. ಪಕ್ಕದ ಪುಚೊಂಗಿನಲ್ಲಿ ಅವಳು ಇರುವ ಅಪಾರ್ಟ್‌ಮೆಂಟಿನ ಮೇಲಿನ ಮಹಡಿಯಲ್ಲಿ ಒಂದು ಹಾಲ್ ಇದೆ, ಭಾನುವಾರ ಅಲ್ಲಿ ಹೆಣೆಯುತ್ತಾಳೆ. ನಮ್ಮಂಥ ಕೂದಲು ಪೂರ್ತಿ ಹೆಣೆಯಲು ನಾಲ್ಕೈದು ಗಂಟೆ. ತಲೆ ಅವಳ ಕೈಯಲ್ಲಿ ಸಿಕ್ಕಿರುವಾಗ ಯಾರೂ ಎದ್ದು ಓಡುವಂತಿಲ್ಲ, ಆದರೆ ತೋಳು ಖಾಲಿ ಇರುತ್ತದೆ. ಆ ತೋಳಿಗೆ ಬಿ.ಪಿ. ಪಟ್ಟಿ ಸುತ್ತುವುದು ನನ್ನ ಕೆಲಸ. ನೈಜೀರಿಯಾ, ಘಾನಾ, ಕೀನ್ಯಾ, ಓದಲು ಬಂದವರು, ಗಂಡನ ಕೆಲಸಕ್ಕೆ ಬಂದವರು, ಈಗ ಮೂವತ್ತೊಂದು ಜನ ಇದ್ದೇವೆ. ಬಾಗಿಲಿಗೆ ‘ತಾ ಕುವಾಟ್’ ಎಂದು ಬೋರ್ಡ್ ಹಾಕಿದ್ದೇವೆ, ಗಟ್ಟಿ ಅಲ್ಲ ಎಂದರ್ಥ. ಇದು ನಿಶ್ಶಕ್ತಿಯವರ ಸಂಘವೇನೋ ಎಂದುಕೊಂಡು ಕಾವಲಿನ ಅಂಕಲ್ ಎರಡು ವಾರ ನಮಗೆ ಲಿಫ್ಟ್ ಹಿಡಿದು ನಿಲ್ಲಿಸಿದರು.

ಒಳಗೆ ಬಂದವರು ಆರಾಮ ಇದ್ದೇನೆ ಎನ್ನುವಂತಿಲ್ಲ, ಅದು ನಮ್ಮ ಕಾಯ್ದೆ. ಎಲ್ಲಿ ನೋಯುತ್ತದೆ ಎಂದು ಮೊದಲು ಹೇಳಬೇಕು, ಆಮೇಲೆ ಊಟ, ಹರಟೆ. ಪ್ರತಿಯೊಬ್ಬಳ ಚೀಲದಲ್ಲೂ ತನ್ನ ನೋವು ಬರೆದ ಒಂದು ಕಾರ್ಡ್ ಇರುತ್ತದೆ, ಡಾಕ್ಟರರ ಎದುರು ಓದುವುದಕ್ಕೆ. ಹೊಟ್ಟೆನೋವಿಗೆ ಆಸ್ಪತ್ರೆಯವರು ಎರಡು ಸಲ ಮಾತ್ರೆ ಕೊಟ್ಟು ವಾಪಸ್ಸು ಕಳಿಸಿದ್ದ ಒಬ್ಬ ಕಾಲೇಜು ಹುಡುಗಿ ಮೂರನೇ ಸಲ ಆ ಕಾರ್ಡನ್ನು ಜೋರಾಗಿ ಓದಿದಳು. ಸ್ಕ್ಯಾನ್ ಮಾಡಿದರು, ಗರ್ಭಕೋಶದಲ್ಲಿ ನಿಂಬೆಹಣ್ಣಿನಷ್ಟು ಗಡ್ಡೆ. ತೆಗೆದಾಯಿತು, ಈಗ ಅವಳೇ ಹೊಸಬರಿಗೆ ಕಾರ್ಡ್ ಓದಲು ಕಲಿಸುತ್ತಾಳೆ. ಇನ್ನೊಬ್ಬಳಂತೂ ಮೂರು ವಾರ ತಲೆನೋವು ಮುಚ್ಚಿಟ್ಟುಕೊಂಡು, ಕೆಲಸ ಬಹಳ ಇದೆ ಎಂದು ಓಡಾಡುತ್ತಿದ್ದಳು. ನಕಾಟೊ ಅವಳನ್ನು ಹಿಡಿದು ಕೂರಿಸಿ ಪಟ್ಟಿ ಸುತ್ತಿದರೆ ನೂರೈವತ್ತಾರು. ಬಾಗಿಲಿನ ಬೋರ್ಡ್ ತೋರಿಸಿದಳು. ಈಗ ಅವಳು ಡಾಕ್ಟರಿಗೆ ತೋರಿಸಿ ಮಾತ್ರೆ ನುಂಗುತ್ತಿದ್ದಾಳೆ. ಹೆಸರು ಆಮೇಲೆ ಹೇಳುತ್ತೇನೆ.

ನಿನ್ನೆ ಭಾನುವಾರ ನಿನ್ನ ಕೌದಿಯನ್ನು ಜಂಬದಿಂದ ಆ ಹಾಲಿಗೆ ಒಯ್ದು ನೆಲದ ಮೇಲೆ ಹಾಸಿದೆ. ಎಲ್ಲರೂ ಹೆಣಿಗೆ ಬಿಟ್ಟು ಸುತ್ತ ಕೂತರು. ಘಾನಾದ ಅಜ್ಜಿಯೊಬ್ಬರು ತಮ್ಮ ತಾಯಿಯೂ ಚಿಂದಿ ಸೇರಿಸಿ ಹೀಗೇ ಹೊಲಿಯುತ್ತಿದ್ದರು ಎಂದು ಕೌದಿಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು. ನಕಾಟೊ ಮಾತ್ರ ಮೊಣಕಾಲೂರಿ, ಹೊಲಿಗೆಯ ಮೇಲೆ ಬೆರಳಾಡಿಸುತ್ತಾ ಅಂಚಿನಿಂದ ಒಳಗೆ ಬಂದಳು, ನೀನು ಹೊಲಿಯುವ ದಾರಿಯಲ್ಲೇ. ಅಂಚಿನಲ್ಲಿ ಅಕ್ಕಿಕಾಳಿನಷ್ಟು ಸಮನಾದ ಹೊಲಿಗೆ. ನಡುವಿಗೆ ಬರುತ್ತಾ ಒಂದು ಉದ್ದ, ಒಂದು ಗಿಡ್ಡ, ಸಾಲು ಸೊಟ್ಟ. ಫೂಲು ಕೊನೆಗೆ ಕೂರಿಸುವುದು ಎಂದು ನಾನು ಹೇಳಿದೆ. ಅವಳು ಬರಿದಾದ ಮೂಲೆ ಹಿಡಿದು, ಇದನ್ನು ಹೊಲಿದವಳ ಬಲಗೈ ಮೈಯಿಂದ ದೂರ ಹೋಗುತ್ತಿಲ್ಲ, ತೋಳೆತ್ತಿದರೆ ನೋಯುತ್ತದೆ ಎಂದಳು. ಹದಿನೈದು ವರ್ಷ ತಲೆ ಹೆಣೆದವಳಿಗೆ ತೋಳಿನ ನೋವು ಗೊತ್ತಾಗದೆ ಇರುತ್ತದೆಯೇ?

ಅಲ್ಲಿಂದಲೇ ಸಿರಾಜನಿಗೆ ಫೋನ್ ಹಚ್ಚಿದೆ. ಮೊದಲು ತಡವರಿಸಿದ, ಆಮೇಲೆ ಎಲ್ಲ ಹೇಳಿದ. ನೀನು ಮೂರು ತಿಂಗಳಿಂದ ಎಡಗೈಯಲ್ಲಿ ಚಹಾ ಕುಡಿಯುತ್ತೀಯಂತೆ. ಬಟ್ಟೆ ಒಣಹಾಕುವ ಹಗ್ಗವನ್ನು ಸೊಂಟದ ಮಟ್ಟಕ್ಕೆ ಇಳಿಸಿ ಕಟ್ಟಿಸಿಕೊಂಡಿದ್ದೀಯಂತೆ, ಕುರಿ ಬಂದು ಮೇಯುತ್ತಿದ್ದರೂ ಮೇಲೇರಿಸಲು ಬಿಡುವುದಿಲ್ಲವಂತೆ. ಕಂಕುಳಲ್ಲಿ ಏನೋ ಗಂಟಾಗಿದೆ ಎಂದು ಅವನ ಹೆಂಡತಿಗೆ ಒಮ್ಮೆ ಬಾಯಿ ತಪ್ಪಿ ಹೇಳಿ, ಶಿಫಾಗೆ ಹೇಳಿದರೆ ನೋಡು ಎಂದು ಆಣೆ ಹಾಕಿಸಿದ್ದೀ.

ಅಮ್ಮೀ, ನನಗೆ ಭಯವಾಗಿದೆ. ನರ್ಸ್ ಆಗಿ ಅಲ್ಲ, ಮಗಳಾಗಿ. ಅದು ಬರೀ ಕೀವುಗಂಟು ಇರಬಹುದು. ಬೇರೆಯದೇ ಇದ್ದರೂ ಬೇಗ ನೋಡಿದರೆ ಮದ್ದಿದೆ, ಗುಣವಾದವರನ್ನು ಕಣ್ಣಾರೆ ಕಂಡಿದ್ದೇನೆ, ಅವರ ತಲೆ ಬಾಚಿದ್ದೇನೆ. ನೋಡದೆ ಬಿಡುವುದು ಮಾತ್ರ ಆಗುವುದಿಲ್ಲ. ಹುಬ್ಬಳ್ಳಿಯಲ್ಲಿ ವೇದವತಿ ಎಂಬ ಹೆಣ್ಣು ಡಾಕ್ಟರ್ ಇದ್ದಾರೆ, ನನ್ನ ಜೊತೆ ಓದಿದವಳ ಅಕ್ಕ. ಗುರುವಾರ ಹನ್ನೊಂದಕ್ಕೆ ನಿನ್ನ ಹೆಸರು ಬರೆಸಿದ್ದೇನೆ. ಸಿರಾಜ್ ಕರೆದುಕೊಂಡು ಹೋಗುತ್ತಾನೆ, ಸೊಸೆ ಜೊತೆಗೆ ಒಳಗೆ ಬರುತ್ತಾಳೆ. ಎದೆ, ಕಂಕುಳು ಎರಡೂ ತೋರಿಸು, ನಾಚಿಕೊಳ್ಳಬೇಡ.

ನಿನ್ನ ಕಾರ್ಡ್ ಇದು. ನಿನ್ನ ಮಾತಿನಲ್ಲೇ ಬರೆದಿದ್ದೇನೆ. ಕತ್ತರಿಸಿ ಕುಪ್ಪಸದಲ್ಲಿ ಇಟ್ಟುಕೋ, ಯಾರು ಅವಸರ ಮಾಡಿದರೂ ಪೂರ್ತಿ ಓದು:

‘ಮೇಡಂ, ನನ್ ಹೆಸರು ಝುಬೇದಾ. ಮೂರು ತಿಂಗಳಾತು, ಬಲಗೈ ಎತ್ತಾಕ ಆಗವಲ್ದು. ಕಂಕುಳಾಗ ಗಂಟೈತಿ. ಮೊದಲ ಹಿಂಗ ಇರಲಿಲ್ಲ. ನನಗ ಬ್ಯಾನಿ ಆಕ್ಕೈತಿ, ಭಾಳ ಆಕ್ಕೈತಿ. ಪರೀಕ್ಷಾ ಬ್ಯಾಡ ಅಂದ್ರ ಯಾಕ ಬ್ಯಾಡ ಅಂತ ಚೀಟಿಯೊಳಗ ಬರಕೊಡ್ರಿ.’

ನೋವು ‘ಭಾಳ ಆಕ್ಕೈತಿ’ ಎನ್ನುವುದನ್ನು ನುಂಗಬೇಡ. ಇಪ್ಪತ್ತೇಳು ವರ್ಷದ ಹಿಂದೆ, ಸಿರಾಜ್ ಹುಟ್ಟಿದಾಗ, ಹೇಳದೆ ಉಳಿದ ಮಾತು ಅದು, ಈಗ ಹೇಳು. ಗುರುವಾರ ಇಲ್ಲಿ ನಕಾಟೊ ಕೆಲಸಕ್ಕೆ ರಜೆ ಹಾಕಿ ನನ್ನ ಜೊತೆ ಫೋನಿನ ಮುಂದೆ ಕೂರುತ್ತಾಳೆ. ಮೂವತ್ತೊಂದು ಹೆಂಗಸರು ನಿನ್ನ ಸುದ್ದಿಗೆ ಕಾಯುತ್ತಿರುತ್ತಾರೆ, ನೆಟ್‌ವರ್ಕ್ ಇಲ್ಲ ಎಂದರೆ ಒಬ್ಬಳೂ ನಂಬುವುದಿಲ್ಲ.

ಈಗ ಯಾರಾದರೂ ಆಫ್ರಿಕಾದಲ್ಲಿ ಯಾವ ದೇಶ ಎಂದು ಕೇಳಿದರೆ ನಾನು ಪಾಸ್‌ಪೋರ್ಟ್ ಹುಡುಕುವುದಿಲ್ಲ. ಹಳಿಯಾಳ ತಾಲೂಕು ಎನ್ನುತ್ತೇನೆ. ಅವರು ನಕ್ಷೆಯಲ್ಲಿ ಹುಡುಕಿಕೊಳ್ಳಲಿ.

ಗಟ್ಟಿ ಅಲ್ಲದ ಜೀವದ, ನಿನ್ನದೇ ಮಗಳು
ಶಿಫಾ

ತಾ.ಕ.: ತಲೆನೋವು ಮುಚ್ಚಿಟ್ಟುಕೊಂಡು ಓಡಾಡುತ್ತಿದ್ದವಳು ನಾನೇ. ನನಗೆ ಐದು ತಿಂಗಳು ಅಮ್ಮೀ. ಐದು ತುಂಬುವ ತನಕ ಯಾರಿಗೂ ಬಾಯಿ ಬಿಡಬಾರದು ಎಂದು ಕಲಿಸಿದವಳು ನೀನೇ, ಬೈಯಬೇಡ. ನಿನ್ನೆಯ ಬಿ.ಪಿ. ನೂರಿಪ್ಪತ್ತೆರಡು, ಕೂಸು ಚೆನ್ನಾಗಿ ಒದೆಯುತ್ತಿದೆ. ನವೆಂಬರಿಗೆ ಒಂದು ಪುಟ್ಟ ಕೌದಿ ಬೇಕು. ದೊಡ್ಡ ಕೌದಿಯ ನಾಲ್ಕನೆಯ ಮೂಲೆಯನ್ನು ನಾನು ಹೊಲಿದುಕೊಳ್ಳುವುದಿಲ್ಲ, ಯಾರಿಗೂ ಮುಟ್ಟಗೊಡುವುದಿಲ್ಲ. ಆ ಕೈ ಗುಣ ಮಾಡಿಕೊಂಡು ಬಂದು ನೀನೇ ಹೊಲಿ.