ಕಿಟಕಿಯಿಂದ ಇಳಿಸಿದ ಪುಸ್ತಕ

ಮನೆಯಿಂದ,
ಹನ್ನೆರಡನೇ ತಾರೀಖು, ಮಂಗಳವಾರ

ನನ್ನ ಪುಟ್ಟೀ,

ಹೇಗಿದ್ದೀಯ? ಕೆಮ್ಮು ಪೂರ್ತಿ ಹೋಯಿತೋ, ಇಲ್ಲ ನಾನು ಫೋನಿನಲ್ಲಿ ಕೇಳಿದಾಗ ಮಾತ್ರ ಹೋಗಿರುತ್ತದೋ? ರೂಮಿನ ಗೋಡೆ ತೇವ ಅಂದಿದ್ದೆ. ಮಂಚವನ್ನು ಒಂದು ಗೇಣು ಈಚೆಗೆ ಎಳೆದುಕೋ, ಅಷ್ಟಕ್ಕೆಲ್ಲ ಮನೆ ಮಾಲೀಕನ ದಾರಿ ಕಾಯಬೇಡ. ಮಕ್ಕಳಿಗೆ ಪಾಠ ಹೇಳಿ ಹೇಳಿ ಗಂಟಲು ಕಟ್ಟಿಸಿಕೊಳ್ಳಬೇಡ, ಹೊತ್ತಿಗೆ ಸರಿಯಾಗಿ ಊಟ ಮಾಡು. ಇಲ್ಲಿ ನಾವು ಚೆನ್ನಾಗಿದ್ದೇವೆ. ನಿಮ್ಮಪ್ಪನ ಮಂಡಿನೋವು ಹಾಗೇ ಇದೆ, ಬಾಯಿಯೂ ಹಾಗೇ ಇದೆ. ಬಸ್ಸು ಓಡಿಸುವುದು ಬಿಟ್ಟು ಇಷ್ಟು ಕಾಲವಾದರೂ, ನಾನು ಅಡುಗೆಮನೆಯಲ್ಲಿ ಸ್ವಲ್ಪ ಜೋರಾಗಿ ಓಡಾಡಿದರೆ ಕುರ್ಚಿಯಲ್ಲಿ ಕುಳಿತಲ್ಲೇ ಬಲಗಾಲಿನಲ್ಲಿ ಬ್ರೇಕು ಒತ್ತುತ್ತಾರೆ.

ಫೋನು ಇರುವಾಗ ಅಮ್ಮ ಯಾಕೆ ಕಾಗದ ಬರೆದಳು ಎಂದು ನಿನಗೆ ಅನ್ನಿಸಿರಬಹುದು. ಎರಡು ಸಲ ಹೇಳಲು ಹೋದೆ, ಬಾಯಿಗೆ ಬರಲಿಲ್ಲ. ನಿನ್ನ ದನಿ ಕೇಳಿದ ಕೂಡಲೇ ಮಾತು ತಿರುಗಿಸಿ ಕೆಮ್ಮಿನ ಕಡೆಗೇ ಓಡುತ್ತೇನೆ. ನನಗೆ ನಾಚಿಕೆಯಾಗಿದೆ ಮಗಳೇ, ಮುಖ ಎತ್ತಿಕೊಂಡು ಬೀದಿಗೆ ಹೋಗಲಾರದಷ್ಟು ನಾಚಿಕೆ. ಆದರೆ ಶನಿವಾರ ನೀನು ಬಸ್ಸು ಹತ್ತುವ ಮೊದಲು ಇದು ನಿನಗೆ ಗೊತ್ತಾಗಬೇಕು.

ಕೆಂಪು ಬಾಗಿಲಿನ ಅಂಗಡಿಯ ಕಷ್ಟ ನೀನು ಬಲ್ಲೆ. ಅಲ್ಲಿ ಸಿಗುವುದು ಕೂಲಿಯವರ ಪುಸ್ತಕ, ಹೆಂಗಸರ ಹಕ್ಕಿನ ಪುಸ್ತಕ, ಮಾಲೀಕರಿಗೆ ಹಿಡಿಸದ ಪುಸ್ತಕ. ಅವು ಬೇಕೆನ್ನುವವರ ಕೈಯಲ್ಲಿ ಕಾಸಿರುವುದಿಲ್ಲ, ಕಾಸಿರುವವರಿಗೆ ಅವು ಬೇಕಿರುವುದಿಲ್ಲ. ಕಟ್ಟಡದ ಯಜಮಾನ ಖಾಲಿ ಮಾಡಿ ಎಂದು ಬೆನ್ನು ಹತ್ತಿದ್ದ. ಆಳು ಇಡುವ ತ್ರಾಣ ಅಂಗಡಿ ನಡೆಸುವ ಅಕ್ಕನಿಗಿಲ್ಲ. ಅದಕ್ಕೇ ಬೀದಿಯ ನಾವು ಕೆಲವರು ಪಾಳಿ ಹಾಕಿಕೊಂಡು ಮಧ್ಯಾಹ್ನ ಅಂಗಡಿಯಲ್ಲಿ ಕೂರುತ್ತೇವೆ, ಆ ಹೊತ್ತಿನಲ್ಲಿ ಅಕ್ಕ ಮನೆಗೆ ಹೋಗಿ ಹಾಸಿಗೆ ಹಿಡಿದ ತಾಯಿಗೆ ಉಣ್ಣಿಸಿ ಬರುತ್ತಾರೆ. ಬುಧವಾರ, ಶುಕ್ರವಾರ ನನ್ನವು. ನಾನು ಹೊಲಿಗೆ ತೆಗೆದುಕೊಂಡು ಹೋಗಿ ಗಲ್ಲಾದ ಹಿಂದೆ ಕೂತು ಲಂಗದ ಅಂಚು ಮಡಿಸುತ್ತೇನೆ. ಸ್ಕೂಲು ಬಿಟ್ಟ ಮೇಲೆ ನಾನು ಕೆಲಸದಿಂದ ಬರುವವರೆಗೆ ನಿನ್ನನ್ನು ಕೂರಿಸಿಕೊಂಡ ಅಂಗಡಿ ಅದು. ಅದರ ಋಣ ಅಷ್ಟಾದರೂ ತೀರಲಿ ಎಂದೇ ಹೋಗುತ್ತಿದ್ದೆ. ಸಂಜೆಯ ಮಾತುಕತೆಗಳಲ್ಲೂ ಕೂತಿದ್ದೇನೆ. ಒಮ್ಮೆ ಎದ್ದು ನಿಂತು ಯಾವ ಕೆಲಸವೂ ಕೀಳಲ್ಲ ಎಂದು ಹೇಳಿ ಚಪ್ಪಾಳೆಯನ್ನೂ ಹೊಡೆಸಿಕೊಂಡಿದ್ದೇನೆ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಎನ್ನುವುದು ನನ್ನಂಥವಳನ್ನು ನೋಡಿಯೇ ಹುಟ್ಟಿದ ಗಾದೆ ಇರಬೇಕು.

ಅಕ್ಕ ತಾವೇ ಅಚ್ಚು ಹಾಕಿಸಿದ ಪುಸ್ತಕವನ್ನು ಬೀದಿಯ ಕಡೆಯ ಕಿಟಕಿಯಲ್ಲಿ ಜೋಡಿಸುತ್ತಾರಲ್ಲ, ಪೂರ್ತಿ ಮಾರಿ ಮುಗಿಯುವವರೆಗೆ ಅದನ್ನು ಅಲ್ಲಿಂದ ಇಳಿಸುವುದಿಲ್ಲ. ಅದು ಅವರ ಹಟ. ನಿನ್ನ ಪುಸ್ತಕ ಬಂದಾಗಲೂ ಹಾಗೇ ಮಾಡಿದರು. ಅಷ್ಟರಲ್ಲಿ ನೀನು ಕಳಿಸಿದ ಪ್ರತಿ ನನ್ನ ಕೈ ಸೇರಿತ್ತು. ಓದಿ ಹೇಳಮ್ಮಾ ಎಂದು ಬರೆದಿದ್ದೆ. ಆಸೆಯಿಂದ ಶುರು ಮಾಡಿದೆ. ನಿನ್ನ ಸ್ಕೂಲು, ನಮ್ಮ ಹಳೆ ಮನೆ, ಎಲ್ಲ ಚೆನ್ನಾಗಿತ್ತು. ಆಮೇಲೆ ಒಂದು ಅಧ್ಯಾಯದ ತಲೆಯಲ್ಲೇ ನೀನು ಬರೆದಿದ್ದೆ: "ಅಮ್ಮ ಆಫೀಸಿಗೆ ಹೋಗುತ್ತಿದ್ದಳು. ಆಫೀಸಿನ ನೆಲ ಒರೆಸಲು." ಅಲ್ಲಿಗೇ ಮುಚ್ಚಿಟ್ಟೆ. ಚೆನ್ನಾಗಿದೆ ಎಂದು ನಿನಗೆ ಫೋನಿನಲ್ಲಿ ಹೇಳಿದ್ದು ಆ ಸಾಲಿನವರೆಗಿನ ಪುಸ್ತಕಕ್ಕೆ.

ಈ ಬೀದಿಗೆ ನಾನು ಯಾವತ್ತೂ ಆಫೀಸಿನವಳು. ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಂಡು, ಹೆಗಲಿಗೆ ಬ್ಯಾಗು ತೂಗುಹಾಕಿಕೊಂಡು ಹೊರಡುತ್ತಿದ್ದೆ. ಬ್ಯಾಗಿನಲ್ಲಿ ಮಡಚಿಟ್ಟ ನೀಲಿ ಕೋಟು ಇರುತ್ತಿತ್ತು ಎನ್ನುವುದು ನಿಮ್ಮಪ್ಪನಿಗೂ ನಿನಗೂ ಬಿಟ್ಟರೆ ಬೇರೆ ಯಾರಿಗೆ ಗೊತ್ತು? ಮಹಡಿ ಮನೆಯ ಟೀಚರಮ್ಮ ಈಗಲೂ ಯಾವುದೇ ಅರ್ಜಿ ತುಂಬಬೇಕಾದರೆ ಕೆಳಗೆ ಬರುತ್ತಾರೆ. "ನೀವು ಆಫೀಸಲ್ಲಿದ್ದವರು, ನಿಮಗಿದೆಲ್ಲ ನೀರು ಕುಡಿದಷ್ಟು ಸಲೀಸು" ಅನ್ನುತ್ತಾರೆ. ನಾನೂ ಗಂಭೀರವಾಗಿ ಕನ್ನಡಕ ಹಾಕಿಕೊಂಡು ತುಂಬಿಕೊಡುತ್ತೇನೆ. ಅದೇ ಟೀಚರಮ್ಮ ಒಂದು ಬುಧವಾರ ಕಿಟಕಿಯ ಮುಂದೆ ನಿಂತು ನಿನ್ನ ಪುಸ್ತಕ ನೋಡುತ್ತಿದ್ದರು. ಗಾಜಿನ ಆಚೆ ಅವರು, ಈಚೆ ನಾನು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ನಾಳೆ ಬಂದು ತಗೋತೀನಿ ಎಂದು ಸನ್ನೆ ಮಾಡಿ ಹೋದರು.

ಅವರು ಹೋದ ಮೇಲೆ ಕಿಟಕಿಯಲ್ಲಿದ್ದಷ್ಟನ್ನೂ ತೆಗೆದು ನನ್ನ ಹೊಲಿಗೆಯ ಚೀಲಕ್ಕೆ ತುಂಬಿದೆ. ಕದಿಯಲಿಲ್ಲ, ಹೊಲಿಗೆಯ ದುಡ್ಡನ್ನು ಗಲ್ಲಾಕ್ಕೆ ಹಾಕಿದೆ. ಮುಗಿದರೆ ಕಿಟಕಿಯಿಂದ ಇಳಿಯುತ್ತದೆ, ಇಳಿದರೆ ಜನ ಮರೆಯುತ್ತಾರೆ ಎಂದುಕೊಂಡೆ. ಅಕ್ಕ ಬಂದು ಖಾಲಿ ಕಿಟಕಿ ನೋಡಿ ಬಾಗಿಲಲ್ಲೇ ನಿಂತುಬಿಟ್ಟರು. "ನೋಡಿದ್ರಾ? ನಮ್ಮ ಬೀದಿ ಓದಲ್ಲ ಅಂತಿದ್ರಲ್ಲ ಎಲ್ರೂ" ಅಂದರು. ಒಳಗಿನಿಂದ ಇನ್ನೊಂದು ಕಟ್ಟು ತಂದು ಕಿಟಕಿ ತುಂಬಿಸಿಯೇಬಿಟ್ಟರು. ಶುಕ್ರವಾರ ನಾನು ಅದನ್ನೂ ಖಾಲಿ ಮಾಡಿದೆ. ಮುಂದಿನ ವಾರ ಮತ್ತೆ. ಹೀಗೆ ಅಚ್ಚಾದ ಪ್ರತಿಗಳೆಲ್ಲ ನಮ್ಮ ಮಂಚದ ಕೆಳಗಿನ ಟ್ರಂಕಿಗೆ ಬಂದು ಸೇರಿದವು. ಟೀಚರಮ್ಮನಿಗೆ ಮೊದಲನೇ ಬುಧವಾರ ಸಂಜೆಯೇ ಮುಗಿದುಹೋಯಿತು ಎಂದು ನಾನೇ ಹೇಳಿದ್ದೆ. ನಿಮ್ಮಪ್ಪ ಹೊದಿಕೆ ಹುಡುಕಲು ಟ್ರಂಕು ತೆಗೆದವರು, "ಏನಿದು, ಕೆಂಪು ಬಾಗಿಲಿನ ಬ್ರಾಂಚು ಇಲ್ಲಿ ತೆರೀತಿದ್ದೀಯಾ?" ಅಂದರು. ಕಾರಣ ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಮಂಡಿ ನೀವಿಕೊಳ್ಳುತ್ತಾ, "ನಾನೂ ಯಾರಿಗೂ ಹೇಳ್ಲಿಲ್ವಲ್ಲ" ಅಂದರು. ಬೈದಿದ್ದರೆ ಚೆನ್ನಾಗಿತ್ತು.

ಇಷ್ಟಕ್ಕೇ ನಿಂತಿದ್ದರೆ ನಾನು ಹಾಗೇ ನುಂಗಿಕೊಂಡು ಇರುತ್ತಿದ್ದೆನೋ ಏನೋ. ಆದರೆ ಖಾಲಿ ಮಾಡಲು ಒಪ್ಪಿಕೊಂಡಿದ್ದ ಅಕ್ಕ, ಆ ಮಾರಾಟ ನಂಬಿಕೊಂಡು ಈಗ ಯಜಮಾನನಿಗೆ ಆಗುವುದಿಲ್ಲ ಅಂದುಬಿಟ್ಟರು. ನಿನ್ನ ಪುಸ್ತಕವನ್ನು ಮತ್ತೆ ಅಚ್ಚಿಗೆ ಕೊಟ್ಟರು. ಶನಿವಾರ ನಿನ್ನನ್ನು ಕರೆಸಿ, ಬೀದಿಯ ಓದುಗರ ಜೊತೆ ಕೂರಿಸುತ್ತೇನೆಂದು ಪಕ್ಕದ ಕ್ಲಬ್ಬಿನಿಂದ ಕುರ್ಚಿಗಳನ್ನೂ ಹೇಳಿದರು. ನೀನು ಫೋನಿನಲ್ಲಿ ಅಮ್ಮಾ, ನಮ್ಮ ಬೀದಿಯವರೇ ಅಷ್ಟು ಜನ ಓದಿದ್ದಾರಂತೆ ಎಂದು ಚಿಕ್ಕ ಹುಡುಗಿಯ ಹಾಗೆ ಕೇಳಿದೆಯಲ್ಲ, ಆವಾಗ ಭೂಮಿ ಬಾಯಿ ಬಿಟ್ಟು ನುಂಗಬಾರದೇ ಅನ್ನಿಸಿತು. ಒಬ್ಬರೂ ಓದಿಲ್ಲ ಪುಟ್ಟೀ. ಕೊಂಡವಳು ನಾನೊಬ್ಬಳೇ, ನಾನೂ ಓದಿಲ್ಲ.

ಇವತ್ತು ಬೆಳಿಗ್ಗೆ ಹೋಗಿ ಅಕ್ಕನಿಗೆ ಹೇಳಿಬಂದೆ. ಕಪಾಟಿನ ಧೂಳು ಒರೆಸುತ್ತಿದ್ದವರು ಒರೆಸಿದ ಕಪಾಟನ್ನೇ ಇನ್ನೊಂದು ಸಲ ಒರೆಸಿದರು. "ಒಬ್ರೂ ಇಲ್ವಾ?" ಅಂದರು. ಇಲ್ಲ ಅಂದೆ. "ಆ ಮೂಲೆ ಮನೆ ನರ್ಸು?" ಅಂದರು. ಅವರೂ ಇಲ್ಲ ಅಂದೆ. ನನ್ನ ಮುಂದೆಯೇ ಪ್ರೆಸ್ಸಿಗೆ ಫೋನು ಮಾಡಿ ಅಚ್ಚು ನಿಲ್ಲಿಸಿದರು. ಯಜಮಾನನಿಗೆ ಹೇಳಿದ ಮಾತನ್ನು ಹೇಗೆ ಹಿಂದಕ್ಕೆ ತಗೊಳ್ಳುವುದೋ, ಬಾಡಿಗೆ ಎಲ್ಲಿಂದ ತರುವುದೋ ಅವರಿಗೂ ಗೊತ್ತಿಲ್ಲ. ನನ್ನ ದುಡ್ಡು ವಾಪಸು ಕೊಡಲು ಗಲ್ಲಾ ತೆಗೆದರು, ನಾನು ಕೈ ಹಿಡಿದುಕೊಂಡೆ. "ಹಾಗಾದ್ರೆ ಪುಸ್ತಕ ತಂದಿಡಿ, ಇನ್ನೊಂದ್ಸಲ ಮಾರೋಣ" ಅಂದರು, ನಗಲಿಲ್ಲ. ಹೊರಡುವಾಗ ಒಂದೇ ಮಾತು ಕೇಳಿದರು: "ಮಗಳು ಬರೆದದ್ದು ಪೂರ್ತಿ ಓದಿದ್ರಾ?" ನಾನು ಚಪ್ಪಲಿ ಹುಡುಕುವವಳ ಹಾಗೆ ಬಗ್ಗಿದೆ.

ಶನಿವಾರ ಬರುವುದೋ ಬೇಡವೋ ನೀನೇ ತೀರ್ಮಾನ ಮಾಡು. ಬಂದರೆ ಕುರ್ಚಿಗಳು ಖಾಲಿ ಇರಬಹುದು, ಅದಕ್ಕೆ ನಿನ್ನ ಬರವಣಿಗೆ ಕಾರಣವಲ್ಲ, ನಾನು. ಬರದಿದ್ದರೆ ಅಕ್ಕನಿಗೊಂದು ಮಾತು ತಿಳಿಸು. ನನ್ನ ಮೇಲೆ ಸಿಟ್ಟು ಮಾಡಿಕೋ, ಆದರೆ ಸಿಟ್ಟಿನಲ್ಲಿ ಊಟ ಬಿಡಬೇಡ. ನಿನ್ನ ಕೆಮ್ಮು ನನಗೆ ಬರಲಿ, ನನ್ನ ಆಯಸ್ಸು ನಿನಗೆ ಬರಲಿ. ಬಸ್ಸಿನಲ್ಲಿ ನೀನು ಕಿಟಕಿ ಮುಚ್ಚಿಕೊಂಡು ಕೂರಬೇಕಂತೆ, ನಿಮ್ಮಪ್ಪ ಹೇಳಲು ಹೇಳಿದರು.

ನಿನ್ನ,
ಅಮ್ಮ

ಇನ್ನೊಂದು ಮಾತು, ಟಪಾಲು ಹೋಗುವ ಹೊತ್ತಾಯಿತು, ಅವಸರದಲ್ಲಿ ಬರೆಯುತ್ತಿದ್ದೇನೆ. ಲಕೋಟೆ ಅಂಟಿಸುವ ಮೊದಲು ಕೂತು ನಿನ್ನ ಪುಸ್ತಕ ಕೊನೆಯವರೆಗೆ ಓದಿದೆ. ನಾನು ಮುಚ್ಚಿಟ್ಟ ಸಾಲಿನ ಮುಂದಿನ ಹಾಳೆಯಲ್ಲೇ ಆ ಬಸ್ ಸ್ಟಾಪಿನ ಕಥೆ ಇದೆ ಎಂದು ನನಗೇನು ಗೊತ್ತು? ನೀಲಿ ಕೋಟು ಹಾಕಿಕೊಂಡು ನಾನು ಆಫೀಸಿನ ಮೆಟ್ಟಿಲು ತೊಳೆಯುತ್ತಿದ್ದೆ, ನಿನ್ನ ಜೊತೆ ಸ್ಕೂಲಿನ ಗೆಳತಿಯರಿದ್ದರು, ನೀನು ಗುರುತಿಲ್ಲದವಳ ಹಾಗೆ ಮುಖ ತಿರುಗಿಸಿದೆ. ಅದಕ್ಕೇ ಈ ಪುಸ್ತಕ ಬರೆದೆ ಅಂದಿದ್ದೀಯ. "ಅಮ್ಮ ನನ್ನನ್ನು ನೋಡಲಿಲ್ಲ, ನೋಡಿದ್ದರೆ ನಾನು ಈವತ್ತಿಗೂ ಮನೆಗೆ ಹೋಗುತ್ತಿರಲಿಲ್ಲ" ಎಂದೂ ಬರೆದಿದ್ದೀಯ. ನೋಡಿದ್ದೆ ಮಗಳೇ. ನೀನು ರಸ್ತೆ ದಾಟುವಾಗಲೇ ನೋಡಿದ್ದೆ. ನೀನು ತಿರುಗಿಸುವ ಮೊದಲೇ ನಾನು ಗೋಡೆಯ ಕಡೆ ತಿರುಗಿಯಾಗಿತ್ತು, ನಿನ್ನ ಬಸ್ಸು ಹೋಗುವವರೆಗೆ ಒಂದೇ ಮೆಟ್ಟಿಲು ಉಜ್ಜುತ್ತಿದ್ದೆ. ಪುಸ್ತಕಗಳನ್ನು ನಾಳೆ ಅಂಗಡಿಗೆ ವಾಪಸು ಕೊಡಬೇಕು. ಟ್ರಂಕಿನಿಂದ ಒಂದೊಂದೇ ತೆಗೆದು, ಅಮ್ಮ ನೋಡಲಿಲ್ಲ ಎನ್ನುವ ಸಾಲಿನ ಪಕ್ಕ ಪೆನ್ನಿನಲ್ಲಿ ಬರೆಯುತ್ತಿದ್ದೇನೆ, ನಿಮ್ಮಪ್ಪ ಹಾಳೆ ಹುಡುಕಿಕೊಡುತ್ತಿದ್ದಾರೆ. ನಿನ್ನ ಪುಸ್ತಕದ ಮೇಲೆ ಗೀಚಿದ್ದಕ್ಕೆ ಬೈಯಬೇಡ. ಎರಡೇ ಪದ ಬರೆದು ಕೆಳಗೆ ರುಜು ಹಾಕುತ್ತಿದ್ದೇನೆ: "ಅಮ್ಮ ನೋಡಿದ್ದಳು." ಮೊದಲನೇ ಪ್ರತಿ ಟೀಚರಮ್ಮನಿಗೆ.