ಒಂದು ಚೌಕಕ್ಕೆ ಹತ್ತು

ಜೂನ್ 9, ಸೋಮವಾರ. ಮಧ್ಯಾಹ್ನ
ಕೊನೆ ಸ್ಟಾಪ್. ಬಸ್ ಖಾಲಿ. ಡ್ರೈವರ್ ಟೀಗೆ ಹೋಗಿದ್ದಾನೆ. ಟಿಕೆಟ್ ಚೀಲ ಮಡಿಲಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ. "ಒಳಗೆ ಹೋಗಿ, ಒಳಗೆ ಹೋಗಿ" ಎಂದು ಬೆಳಗಿನಿಂದ ಕೂಗಿದ್ದೇ ಬಂತು, ಒಬ್ಬನೂ ಅಲ್ಲಾಡಲಿಲ್ಲ. ಬಾಗಿಲಲ್ಲಿ ಇವರ ಗಂಟೇನಿದೆಯೋ. ಕಂಡಕ್ಟರ್ ಕೆಲಸ ಕೊಟ್ಟ ದನಿ ಇದು, ಮನೆಗೆ ಹೋದ ಮೇಲೂ ಇಳಿಯುವುದಿಲ್ಲ.

ಶಾಲೆ ಸ್ಟಾಪ್ ದಾಟುವಾಗ ಎಂದಿನಂತೆ ಬಾಗಿಲಿಗೆ ಬಂದು "ಗುಬ್ಬೀ" ಎಂದು ಕರೆದೆ. ಮಗಳು ಗೇಟಿನ ಹತ್ತಿರವೇ ಇದ್ದಳು. ಕೈ ಎತ್ತಿದಳು, ಅರ್ಧ ಮಾತ್ರ. ಆಮೇಲೆ ತಲೆ ಬಗ್ಗಿಸಿಬಿಟ್ಟಳು. ಐದನೇ ಕ್ಲಾಸಿಗೇ ಅಮ್ಮ ಅಂದರೆ ನಾಚಿಕೆ.

ಸಂಜೆ
ಗುಬ್ಬಿ ಅಡುಗೆಮನೆಯ ನೆಲದ ಮೇಲೆ ಚಾರ್ಟ್ ಹರಡಿದ್ದಾಳೆ. ಗಣಿತದ ಪ್ರಾಜೆಕ್ಟ್, ಸ್ತಂಭಾಲೇಖ. ಮನೆಯಲ್ಲೇ ಏನನ್ನಾದರೂ ಎರಡು ವಾರ ಎಣಿಸಿ ಕಂಬ ಎಳೆಯಬೇಕಂತೆ. ಮೊದಲ ವಾರದ್ದು ಆಗಿದೆ, ನೀಲಿ ಬಣ್ಣ. ಅಪ್ಪ ಒಂದು ಚೌಕ, ಅಜ್ಜಿ ಮೂರು, ಅಮ್ಮ ಒಂಬತ್ತು. ತಲೆಬರಹ ಇಲ್ಲ. ಕೆಂಪು ಸ್ಕೆಚ್ ಪೆನ್ ಒಣಗಿದೆ, ಹೊಸದು ಬಂದ ಮೇಲೆ ಬರೆಯುತ್ತಾಳಂತೆ.

ಅವಳು ನೀರಿಗೆ ಎದ್ದಾಗ ಅತ್ತೆಯನ್ನು ಕೇಳಿದೆ, ಏನು ಲೆಕ್ಕ ಇದು ಎಂದು.

"ಇನ್ನೇನಿರುತ್ತೆ, ನಿನ್ನ ಗದರಿಕೆ. ಈ ಮನೇಲಿ ಎಣಿಸೋಕೆ ಬೇರೆ ಏನಿದೆ" ಎಂದರು, ತರಕಾರಿಯಿಂದ ತಲೆ ಎತ್ತದೆ.

ವಾರಕ್ಕೆ ಒಂಬತ್ತೇ? ನಾನು ಇಷ್ಟು ಒಳ್ಳೆಯವಳೆಂದು ನನಗೇ ಗೊತ್ತಿರಲಿಲ್ಲ.

ಜೂನ್ 10, ಮಂಗಳವಾರ
ಡಿಪೋದಲ್ಲಿ ಕಂಡಕಂಡವರಿಗೆಲ್ಲ ಹೇಳಿದೆ. "ಮಗಳನ್ನ ವಾರಕ್ಕೆ ಒಂಬತ್ತೇ ಸಲ ಗದರೋದು. ನಕ್ಷೆಯಲ್ಲೇ ಇದೆ."

"ನಮಗೆ ಬೆಳಿಗ್ಗೆ ಒಂಬತ್ತು ಗಂಟೆಯೊಳಗೆ ಅಷ್ಟು ಮುಗಿದಿರುತ್ತೆ ಅಕ್ಕಾ" ಎಂದ ಡ್ರೈವರ್. ಹೊಟ್ಟೆಕಿಚ್ಚು.

ಸಂಜೆ
ಬಡಾಯಿ ಕೊಚ್ಚಿಕೊಂಡವಳಿಗೆ ತಕ್ಕ ಶಾಸ್ತಿ. ಗುಬ್ಬಿ ಅವರಪ್ಪನಿಗೆ ಚಾರ್ಟಿನ ಅಂಚು ತೋರಿಸುತ್ತಿದ್ದಳು. "ಒಂದು ಚೌಕಕ್ಕೆ ಹತ್ತು ಅಪ್ಪಾ. ಒಂದಕ್ಕೆ ಒಂದು ಅಂತ ಹಾಕಿದ್ರೆ ಅಮ್ಮನ ಕಂಬ ಸೀಲಿಂಗ್‌ಗೆ ಹೋಗುತ್ತೆ." ನಮ್ಮ ಯಜಮಾನರು ಟೈಲರ್, ಮಾತು ಕಡಿಮೆ. ಹೊಲಿಗೆ ಮೆಷಿನ್ ಮೇಲೆ ಬಗ್ಗಿಕೊಂಡು ನಕ್ಕರು.

ತೊಂಬತ್ತು! ಊಟ ಸೇರಲಿಲ್ಲ.

ಮುಂದಿನ ಮಂಗಳವಾರ ಪೋಷಕರ ಸಭೆ, ಚಾರ್ಟ್ ಗೋಡೆಗೆ. ಅಲ್ಲಿಗೆ ಬರುವ ಅರ್ಧ ಜನ ನನ್ನ ಬಸ್ಸಿನವರೇ. ಮಾನ ಹೋದರೆ ಹೋಗಲಿ. ಆದರೆ ಮಗು ಪೆನ್ಸಿಲ್ ಹಿಡಿದು, ನಾನು ಬಾಯಿ ತೆರೆದಾಗಲೆಲ್ಲ ಒಂದೊಂದು ಗೆರೆ ಹಾಕಿದೆಯಲ್ಲ...

ನಾಳೆಯಿಂದ ಬಾಯಿಗೆ ಬೀಗ. ಎರಡನೇ ವಾರದ ಕಂಬ ಇಳಿಸಿಯೇ ತೀರುತ್ತೇನೆ.

ಜೂನ್ 11, ಬುಧವಾರ
ಬೀಗ ಹಾಕಿದೆ. ಟಿಫಿನ್ ಡಬ್ಬಿ ಮರೆತು ಹೊರಟಿದ್ದಳು. ಕೂಗಲಿಲ್ಲ. ಮೆಟ್ಟಿಲಿಳಿದು ಓಡಿ ಕೊಟ್ಟು ಬಂದೆ. ಮಂಡಿ ನೋವು.

ಜೂನ್ 13, ಶುಕ್ರವಾರ
ಯಜಮಾನರು ಹಣೆ ಮುಟ್ಟಿ ನೋಡಿದರು. ಜ್ವರ ಇಲ್ಲ. ಮನೆ ಭಣಗುಟ್ಟುತ್ತಿದೆ ಎಂದು ಅತ್ತೆ ರೇಡಿಯೋ ಹಾಕಿಕೊಂಡರು.

ಶಾಲೆ ಸ್ಟಾಪ್‌ನಲ್ಲೂ ಒಳಗೇ ನಿಂತೆ, ಕಂಬಿ ಹಿಡಿದು, ತುಟಿ ಕಚ್ಚಿ.

"ಗುಬ್ಬಿ ಈ ಕಡೇನೇ ನೋಡ್ತಾ ನಿಂತಿದೆ ಅಕ್ಕಾ" ಎಂದ ಡ್ರೈವರ್.

"ಕಂಬ ಇಳಿಸ್ತಿದೀನಿ. ಸುಮ್ನೆ ಗಾಡಿ ಓಡಿಸು" ಎಂದೆ.

ಜೂನ್ 16, ಸೋಮವಾರ
ಗೆದ್ದೆ! ಎರಡನೇ ವಾರ, ಹಸಿರು ಬಣ್ಣ. ಅಮ್ಮ ಎರಡೇ ಚೌಕ. ಅವೂ ಸೋಮವಾರ, ಮಂಗಳವಾರದವು. ಅತ್ತೆಗಿಂತ ಕಡಿಮೆ. ಕುಣಿಯುವುದೊಂದು ಬಾಕಿ.

ಗುಬ್ಬಿ ಮಾತ್ರ ಚಾರ್ಟ್ ಸುತ್ತಿಟ್ಟು ಬೇಗ ಮಲಗಿದಳು. ಮುಖ ಸಪ್ಪೆ. ಏನಾಯಿತೋ. ಕೇಳಬೇಕೆನಿಸಿತು... ಕೇಳಲಿಲ್ಲ.

ಜೂನ್ 17, ಮಂಗಳವಾರ
ಸಭೆಯಿಂದ ಈಗ ಬಂದೆ. ನಗುವೋ ಅಳುವೋ, ಎರಡೂ ಒಟ್ಟಿಗೇ.

ಗೋಡೆಯ ಮೇಲೆ ನಮ್ಮ ಚಾರ್ಟ್. ಹೊಸ ಪೆನ್ನಿನಲ್ಲಿ ಕೆಂಪು ತಲೆಬರಹ: "ಮನೆಯವರು ನನ್ನನ್ನು ಎಷ್ಟು ಸಲ ಹೆಸರು ಹಿಡಿದು ಕರೆಯುತ್ತಾರೆ."

ಗದರಿಕೆ ಅಲ್ಲ. ಕರೆಯುವುದು. ನಿಮಗೆ ಇಷ್ಟವಾದದ್ದನ್ನು ಎಣಿಸಿ ಎಂದಿದ್ದರಂತೆ ಮೇಡಂ.

ಕೆಳಗೆ ಅವಳದೇ ಅಕ್ಷರ: "ಮೊದಲ ವಾರ ಅಮ್ಮನ ಕಂಬ ಎಲ್ಲರಿಗಿಂತ ಎತ್ತರ. ಎರಡನೇ ವಾರ ಬುಧವಾರದಿಂದ ಅಮ್ಮ ಕರೆದಿಲ್ಲ. ಕಾರಣ ಗೊತ್ತಿಲ್ಲ."

ಮೇಡಂ ಪಕ್ಕದಲ್ಲಿ ಯಾರಿಗೋ ಹೇಳುತ್ತಿದ್ದರು. "ಮೊದಲು ತಲೆಬರಹ ಓದಬೇಕು, ಆಮೇಲೆ ಅಳತೆ, ಆಮೇಲೆ ಕಂಬ. ಮಕ್ಕಳಿಗೆ ಹೇಳಿ ಹೇಳಿ ಸಾಕಾಗಿದೆ." ನಾನು ಗೋಣು ಆಡಿಸಿದೆ. ಮಕ್ಕಳಿಗೇನು ಬುದ್ಧಿ.

ಗುಬ್ಬಿಯನ್ನು ಕಾರಿಡಾರಿಗೆ ಕರೆದೊಯ್ದು ಎಲ್ಲ ಹೇಳಿದೆ. ಕಣ್ಣು ಒರೆಸಿಕೊಂಡು ಕೇಳಿದಳು, "ಅದಕ್ಕಾ ಮಾತು ಬಿಟ್ಟಿದ್ದು? ನನ್ನ ಮೇಲೆ ಸಿಟ್ಟಾಗಿದೀಯಾ ಅಂದ್ಕೊಂಡೆ."

"ಬಸ್ಸಿಂದ ಕೂಗಿದ್ರೆ ನಿಂಗೆ ನಾಚಿಕೆ ಅಲ್ವಾ? ಅರ್ಧ ಕೈ ಎತ್ತಿ ತಲೆ ಬಗ್ಗಿಸ್ತೀಯ."

"ಅಂಗೈ ಮೇಲೆ ಗೆರೆ ಹಾಕ್ತಿದ್ದೆ ಅಮ್ಮಾ. ಆಮೇಲೆ ಮರೆತು ಹೋದ್ರೆ?"

ಅಯ್ಯೋ ನನ್ನ ಕಂದ. ಕೂಸನ್ನು ಇಷ್ಟು ದಿನ ಗೇಟಿನಲ್ಲಿ ನಿಲ್ಲಿಸಿದೆನಲ್ಲ ನಾನು.

ಮನೆಗೆ ಬರುವಾಗ ಕೇಳಿದೆ, ಗದರಿಕೆಯನ್ನೇ ಎಣಿಸಿದ್ದರೆ ಎಷ್ಟಾಗುತ್ತಿತ್ತು ಎಂದು. ಯೋಚಿಸಿ ಹೇಳಿದಳು, "ಅದಕ್ಕೆ ಒಂದು ಚೌಕಕ್ಕೆ ಹತ್ತು ಸಾಲಲ್ಲ. ಐವತ್ತು ಬೇಕು."

ಜೂನ್ 18, ಬುಧವಾರ
ಬಸ್ಸಿನಲ್ಲೇ ಬರೆಯುತ್ತಿದ್ದೇನೆ, ಅಕ್ಷರ ಕುಣಿಯುತ್ತಿದೆ. ಬೆಳಿಗ್ಗೆ ಬಿಸಿನೀರಿಗೆ ಉಪ್ಪು ಹಾಕಿ ಗಂಟಲು ತೊಳೆದುಕೊಂಡೆ. ಡ್ರೈವರ್‌ಗೆ ಹೇಳಿದ್ದೇನೆ, ಶಾಲೆ ಹತ್ತಿರ ನಿಧಾನ ಮಾಡು ಎಂದು. "ಕಿವಿಗೆ ಹತ್ತಿ ಇಟ್ಕೊಂಡಿದೀನಿ ಅಕ್ಕಾ" ಎಂದ.

ತಿರುವು ಬಂತು. ಗೇಟಿನಲ್ಲಿ ನಿಂತಿದ್ದಾಳೆ. ಇವತ್ತು ಪೆನ್ಸಿಲ್ ಇಲ್ಲ, ಎರಡೂ ಕೈ ಮೇಲೆ. ಪೆನ್ನು ಜೇಬಿಗೆ, ಬಾಗಿಲಿಗೆ ಹೋಗ—